ಕೇಳಿ ಮುಟ್ಟುವ ಕೈ

ಡಾಕ್ಟರಬಾಯಿಯ ಬೆರಳುಗಳು ಸದಾ ತಣ್ಣಗಿರುತ್ತಿದ್ದವು. ನನ್ನ ತಲೆಗೆ ತಂತಿ ಅಂಟಿಸುವ ಮೊದಲು ಬಿಸಿ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು, ನನ್ನ ಎದುರಿಗೇ ಬಂದು ನಿಂತು ಕೇಳುತ್ತಿದ್ದರು: “ಮುಟ್ಟಲೇನ್ರಿ?” ನೋಡೋಣವೆಂದು ಒಮ್ಮೆ “ಬ್ಯಾಡ್ರಿ” ಎಂದೆ. ತಂತಿ ಕೆಳಗಿಟ್ಟು ಆರಾಮಾಗಿ ಚಹಾ ಕುಡಿದರು. ಆವತ್ತಿನ ಚಿಕಿತ್ಸೆ ಅಷ್ಟೇ.

ಧಾರವಾಡದಿಂದ ಪುಣೆಗೆ ಬಂದು ನೆಲೆಸಿದ್ದ ಮನಶ್ಶಾಸ್ತ್ರಜ್ಞೆ ಅವರು, ನನಗೆ ಡಾಕ್ಟರಬಾಯಿ. ನಾನು ಬೆಳೆದದ್ದು ಪುಣೆಯದೇ ಖಡಕಿಯಲ್ಲಿ, ಕನ್ನಡದ ಮನೆಯಲ್ಲಿ. ಫ್ಯಾಕ್ಟರಿಯ ಪಾಳಿ ಮುಗಿಸಿ, ಕುಡಿದು ಬರುತ್ತಿದ್ದ ಅಪ್ಪನ ಬೆಲ್ಟಿಗೆ ಹೆದರಿಯೇ ಬೆಳೆದವಳು. ಹಿಂದೆ ಹೆಜ್ಜೆ ಸಪ್ಪಳವಾದರೆ ಮದುವೆಯಾಗಿ ಮಗುವಾದ ಮೇಲೂ ಮೈ ಸೆಟೆಯುತ್ತಿತ್ತು. ಒಂದು ದಿನ ಬೆನ್ನಹಿಂದಿನಿಂದ ಬಂದು ಅಪ್ಪಿಕೊಂಡ ಮಗಳನ್ನೇ ಗೋಡೆಗೆ ತಳ್ಳಿಬಿಟ್ಟೆ. ಅಂದಿನಿಂದ ಅವಳು ಬಾಗಿಲಲ್ಲೇ ನಿಂತು “ಅವ್ವಾ, ಬರ್ಲೇನು?” ಎಂದು ಕೇಳತೊಡಗಿದಳು. ಎಂಟು ವರ್ಷದ ಕೂಸು! ಅದನ್ನು ನೋಡಲಾರದೆ ಡಾಕ್ಟರಬಾಯಿಯ ಹತ್ತಿರ ಹೋಗಿದ್ದೆ.

ತಲೆಗೆ ತಂತಿ ಅಂಟಿಸಿ ಮಾಡುವ ಆ ಚಿಕಿತ್ಸೆಗೆ ನ್ಯೂರೋಫೀಡ್‌ಬ್ಯಾಕ್ ಎನ್ನುತ್ತಿದ್ದರು. ಪರದೆಯ ಮೇಲೊಂದು ದೋಣಿ. ನನ್ನ ಮೆದುಳು ಶಾಂತವಾದರೆ ಮಾತ್ರ ಅದು ಮುಂದೆ ಸಾಗಬೇಕು. ಎಷ್ಟೋ ವಾರ ಅದು ಕದಲಲೇ ಇಲ್ಲ. ಒಂದು ಮಧ್ಯಾಹ್ನ ಸರಾಗವಾಗಿ ಹೊರಟಿತು. ಭುಜ ಸಡಿಲವಾಯಿತು. ಮರುಕ್ಷಣವೇ ನಾನು ತಂತಿಗಳನ್ನು ಕಿತ್ತು ಬಾಗಿಲಿಗೆ ಓಡಿದ್ದೆ. ಅವರು ಹಿಂದೆ ಬರಲಿಲ್ಲ. ಯಂತ್ರ ಆರಿಸಿ, ನನಗೆ ಕಾಣುವ ಹಾಗೆ ದೂರದಲ್ಲಿ ನೆಲದ ಮೇಲೆ ಕೂತರು.

“ತಪ್ಪು ನಂದ್ರೀ. ನಿಮಗ ಸಮಾಧಾನ ಕಲಿಸಾಕ ಅವಸರ ಮಾಡಿದೆ. ಸಣ್ಣಾಕಿ ಇದ್ದಾಗ ಸಮಾಧಾನದಿಂದ ಕುಂತ್ರ ಏನಾಗ್ತಿತ್ತು ಅಂತ ಮೊದಲ ಕೇಳಬೇಕಾಗಿತ್ತು.”

“ನಾ ನಕ್ಕೋತ ಆಡೂ ಹೊತ್ತಿಗೇ ಅಪ್ಪ ಬಂದು ಹೊಡೀತಿದ್ದ ರೀ,” ಎಂದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಮುಂದೆ ಮೊದಲು ಮಾತು, ಆಮೇಲೆ ದೋಣಿ, ಮತ್ತೆ ಮಾತು. “ಮಷೀನಿಗೆ ನಿಮ್ಮಪ್ಪ ಗೊತ್ತಿಲ್ರಿ, ನಾವ ಹೇಳಬೇಕು,” ಎನ್ನುತ್ತಿದ್ದರು. ನಾನು ಸಿಟ್ಟು ಮಾಡಿದೆ, ಕಣ್ಣೀರು ಹಾಕಿದೆ, ಇನ್ನು ಬರುವುದಿಲ್ಲವೆಂದು ಹೇಳಿ ಮತ್ತೆ ಹೋದೆ. ಪ್ರತಿ ಸಲವೂ ಚಹಾದ ಲೋಟ, ಅದೇ ಪ್ರಶ್ನೆ.

ಕಳೆದ ವರ್ಷ ಹೃದಯಾಘಾತವಾಗಿ ಅವರು ಹೋಗಿಬಿಟ್ಟರು. ಫೋನ್ ಬಂದಾಗ ನಾನು ಬಾಗಿಲಿಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದೆ. ಅಳು ತಡೆಯಲಾಗಲಿಲ್ಲ. ಹಿಂದಿನಿಂದ ಎರಡು ಪುಟ್ಟ ಕೈ ಬಂದು ಸೊಂಟ ಬಳಸಿದವು. ಅವನ್ನೇ ಹಿಡಿದುಕೊಂಡು ಅತ್ತೆ. ಮಗಳು ಕೇಳದೆಯೇ ಬಂದಿದ್ದಾಳೆ, ನನ್ನ ಮೈ ಸೆಟೆದಿಲ್ಲ ಎಂದು ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ. ಓಡಿಹೋಗಿ ಹೇಳೋಣವೆಂದರೆ ಡಾಕ್ಟರಬಾಯಿ ಇರಲಿಲ್ಲ.