ಬೆಡ್‌ಶೀಟಿನ ಮೇಲೆ ಬರೆದ ಕಾನೂನು

ನನ್ನ ನಾದಿನಿ ಮದುವೆ ಮನೆಗೆ ಹೋದರೂ ಮೊದಲು ಹುಡುಕುವುದು ಹೊರಗೆ ಹೋಗುವ ಬಾಗಿಲನ್ನು. "ಮೊದಲು ಹೆಣ್ಣು ಗಂಡನ್ನ ನೋಡೇ ತಾಯಿ" ಎಂದು ನಮ್ಮತ್ತೆ ಗದರುತ್ತಾರೆ. ಏನು ಮಾಡುವುದು, ಅವಳ ಕಸುಬೇ ಅದು. ಸೋಪಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತ, ಸಂಜೆ ಕಾಲೇಜಿನಲ್ಲಿ ಓದಿ, ಈಗ ಸುರಕ್ಷತೆಯ ಸಲಹೆಗಾರ್ತಿಯಾಗಿದ್ದಾಳೆ. ಕೆಲಸದ ಜಾಗಗಳಲ್ಲಿ ವಿದ್ಯುತ್ ತಂತಿ, ಜಾರುವ ನೆಲ ನೋಡುತ್ತಾಳೆ. ಕೆಲಸಗಾರರ ಹಕ್ಕುಗಳನ್ನು ಹೇಳುವ ಸೂಚನೆಗಳನ್ನು ಮಾಲೀಕರು ಗೋಡೆಗೆ ಹಾಕಿದ್ದಾರೆಯೇ ಎಂದೂ ನೋಡುತ್ತಾಳೆ.

ಎಲ್ಲಿಗೆ ಹೋದರೂ ಅವಳು ಮೊದಲು ನಿಲ್ಲುವುದು ಕುಡಿಯುವ ನೀರಿನ ನಲ್ಲಿಯ ಹತ್ತಿರ. "ದಣಿದವರು ತಲೆ ಎತ್ತೋದು ನೀರು ಕುಡಿಯುವಾಗಲೇ ಅತ್ತಿಗೆ. ಆಗ ಏನು ಕಾಣುತ್ತೋ ಅದೇ ನಿಜವಾದ ಗೋಡೆ" ಎನ್ನುತ್ತಾಳೆ. ದೇವರು ಅವಳಿಗೆ ಅಂಥ ಕಣ್ಣು ಕೊಟ್ಟಿದ್ದಾನೆ.

ಮೊನ್ನೆ ಒಂದು ಲಾಂಡ್ರಿಗೆ ಹೋಗಿದ್ದಳು. ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ಕೆಲಸ ಆ ಲಾಂಡ್ರಿಯವರಿಗೆ ಬರುವುದರಲ್ಲಿತ್ತು. ಆದರೆ ಆ ಸಂಜೆಯೊಳಗೆ, ಇಲ್ಲಿ ಎಲ್ಲ ನಿಯಮದಂತಿದೆ ಎಂಬ ಪತ್ರಕ್ಕೆ ಇವಳು ಸಹಿ ಹಾಕಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು. ಆಗ ಹೊಸದಾಗಿ ಸೇರಿದ ಇಬ್ಬರು ಹೆಂಗಸರು ಮನೆಗೆ ಹೋಗಬೇಕು.

ನೆಲ, ತಂತಿ, ಯಂತ್ರ ಎಲ್ಲ ಸರಿಯಿತ್ತು. ನಲ್ಲಿಯ ಎದುರಿನ ಗೋಡೆ ಮಾತ್ರ ಖಾಲಿ.

"ಸೂಚನೆಗಳು ಎಲ್ಲಿ?"

ಮಾಲೀಕರು ಹೆಮ್ಮೆಯಿಂದ ತಮ್ಮ ಕೋಣೆಗೆ ಕರೆದೊಯ್ದರು. ಕಾಗದಗಳನ್ನು ಒಂದು ಸುಕ್ಕೂ ಇಲ್ಲದಂತೆ ಇಸ್ತ್ರಿ ಮಾಡಿಸಿ, ಗಾಜಿನ ಚೌಕಟ್ಟು ಹಾಕಿಸಿ, ತಮ್ಮ ಕುರ್ಚಿಯ ಹಿಂದೆ ನೇತುಹಾಕಿದ್ದರು.

"ಇಲ್ಲಿ ಯಾರು ಓದ್ತಾರೆ ಸಾರ್?"

"ಒಳಗೆ ಹಬೆ ನೋಡಿದ್ರಲ್ಲ ಮೇಡಂ. ಕಾಗದ ಅಂಟಿಸಿದ್ರೆ ಮಧ್ಯಾಹ್ನಕ್ಕೆಲ್ಲ ಮುದ್ದೆ. ಒಣಗಿರೋ ಕೋಣೆ ಅಂತ ಇರೋದು ಇದೊಂದೇ."

"ಕಷ್ಟ ಅರ್ಥ ಆಗುತ್ತೆ. ಸಹಿ ಮಾತ್ರ ಹಾಕೋಕಾಗಲ್ಲ."

ಅವರ ಮುಖ ಇಳಿಯಿತು. ಬಾಗಿಲಲ್ಲಿ ನಿಂತಿದ್ದ, ಇಸ್ತ್ರಿ ಮಾಡುವ ಅಜ್ಜಿ ಗಂಟಲು ಸರಿಮಾಡಿಕೊಂಡಳು.

"ಬಟ್ಟೆಗೆ ಗುರುತು ಹಾಕೋ ಮಸಿ ಇದೆಯಲ್ಲಪ್ಪ. ಎಷ್ಟು ಒಗೆದರೂ ಹೋಗಲ್ಲ, ಹಬೆಗೇನು ಹೋಗುತ್ತೆ? ಒಂದು ಹಳೇ ಬೆಡ್‌ಶೀಟ್ ಮೇಲೆ ಬರೆದುಬಿಡೋಣ."

ನಾದಿನಿ ಯೋಚಿಸಿದಳು. ಎಲ್ಲರಿಗೂ ಕಾಣಬೇಕು, ಓದಲು ಬರಬೇಕು ಎನ್ನುತ್ತದೆ ನಿಯಮ. ಚೌಕಟ್ಟನ್ನು ಒಳಬರುವ ಬಾಗಿಲಿಗೆ ಹಾಕಿ, ನಲ್ಲಿಯ ಎದುರು ಬೆಡ್‌ಶೀಟ್ ಕಟ್ಟಿದರೆ ಸಾಕು ಎಂದಳು.

ಮಡಿಸುವ ಮೇಜಿನ ಮೇಲೆ ಬಟ್ಟೆ ಹರಡಿದರು. ಮಾಲೀಕರು ಚೌಕಟ್ಟು ಹಿಡಿದು ಓದಿದರು. ಹೊಸ ಹೆಂಗಸರಲ್ಲಿ ಒಬ್ಬಳು ಗುಂಡಗೆ ಬರೆದಳು. ಸಂಬಳದ ದಿನ, ವಾರದ ರಜೆ, ಗಾಯವಾದರೆ ಯಾರಿಗೆ ಹೇಳಬೇಕು, ಎಲ್ಲ ಆಯಿತು. ಮುಂದಿನ ಸಾಲು ಬಂದಾಗ ಮಾಲೀಕರು ಚೌಕಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಓದಿ ಸಾರ್, ಮಸಿ ಒಣಗ್ತಾ ಇದೆ."

"ನಿಂತು ಕೆಲಸ ಮಾಡುವವರಿಗೆ ಕೂತುಕೊಳ್ಳಲು ಜಾಗ, ನಡುವೆ ವಿರಾಮ..." ಅವರ ದನಿ ಸಣ್ಣಗಾಯಿತು.

"ಇದು ಯಾವಾಗಿಂದ ಇದೆ?" ಎಂದಳು ಅಜ್ಜಿ.

"ಮೊದಲಿಂದಲೂ ಇರಬೇಕು."

"ನೀವು ಓದಿರಲಿಲ್ವಾ?"

"ದಿನಾ ಗಾಜು ಒರೆಸ್ತೀನಮ್ಮ. ಓದಿರಲಿಲ್ಲ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಾಲೀಕರಿಗೂ ನಗು ತಡೆಯಲಾಗಲಿಲ್ಲ. ಬರೆದು ಮುಗಿಸಿ ಬೆಡ್‌ಶೀಟನ್ನು ನಲ್ಲಿಯ ಎದುರು ಕಟ್ಟಿದರು, ಚೌಕಟ್ಟು ಒಳಬರುವ ಬಾಗಿಲಿಗೆ ಹೋಯಿತು.

"ಈಗ ಸಹಿ ಹಾಕ್ತೀರಾ ಮೇಡಂ?"

"ಬರೆದಿದ್ದು ನೋಡಿದೆ. ನಡೆಯೋದನ್ನೂ ನೋಡಿಬಿಡ್ತೀನಿ."

ಅಜ್ಜಿ ಇಸ್ತ್ರಿಯ ಸ್ವಿಚ್ ಆರಿಸಿ, ಬಟ್ಟೆಯ ಮೂಟೆಯ ಮೇಲೆ ಕೂತಳು. ಉಳಿದವರೂ ಕೂತರು. ಮಾಲೀಕರು ಒಂದು ಕ್ಷಣ ಅವರನ್ನೇ ನೋಡಿ, ತಮ್ಮ ಕೋಣೆಯ ಕುರ್ಚಿಗಳನ್ನೆಲ್ಲ ಒಂದೊಂದಾಗಿ ಹೊತ್ತು ತಂದರು. ಅಜ್ಜಿಗೆ ಮೆತ್ತನೆಯ ಕುರ್ಚಿ ಸಿಕ್ಕಿತು. ನಾದಿನಿ ತೊಡೆಯ ಮೇಲೆ ಕಾಗದವಿಟ್ಟು ಸಹಿ ಹಾಕಿದಳು. ಹೊಸ ಹೆಂಗಸರಿಬ್ಬರೂ ಅವಳ ಕೈಯನ್ನೇ ನೋಡುತ್ತಿದ್ದರಂತೆ, ಎರಡನೇ ಅಕ್ಷರಕ್ಕೇ ನಗತೊಡಗಿದರಂತೆ.

ಅಷ್ಟರಲ್ಲಿ ಹೊರಗೆ ಒಂದು ವ್ಯಾನು ಬಂದು ನಿಂತು, ಬಟ್ಟೆ ಇಳಿಸಿಕೊಳ್ಳಿ ಎಂದು ಒಂದೇ ಸಮನೆ ಹಾರ್ನ್ ಹೊಡೆಯಿತು. ಹೆಂಗಸರು ಅಭ್ಯಾಸಬಲದಿಂದ ಎದ್ದರು.

"ಕೂತ್ಕೊಳ್ರಮ್ಮ" ಎಂದ ಮಾಲೀಕರು ಕಿಟಕಿಯಿಂದ ತಲೆ ಹೊರಹಾಕಿದರು. "ಸ್ವಲ್ಪ ಇರಪ್ಪ. ನಮ್ಮವರು ಈಗ ವಿರಾಮದಲ್ಲಿದ್ದಾರೆ."