ಫ್ಯೂಸ್ ಬಾಕ್ಸಿನ ವಿಭೂತಿ

ಕೊಳ್ಳೇಗಾಲದ ಮನೆಯ ಶೆಡ್ಡಿನಲ್ಲಿ ತೀರಿಹೋದ ಅಪ್ಪನ ಅಂಬಾಸಿಡರ್ ಕಾರು ಇದೆ. ಇಂಜಿನ್ ಈಗಲೂ ಗುರುಗುಟ್ಟುತ್ತದೆ. ಹೆಡ್‌ಲೈಟ್ ಮಾತ್ರ ಹತ್ತುವುದಿಲ್ಲ. ಈ ಬೇಸಿಗೆಯಲ್ಲಿ ಒಂದು ದಿನ ಬ್ಯಾಟರಿಯ ವೈರು ಬಿಚ್ಚಿಟ್ಟು, ಬಾನೆಟ್ಟಿನಡಿಯ ಫ್ಯೂಸ್ ಬಾಕ್ಸಿಗೆ ಕೈಹಾಕಿದೆ. ಫ್ಯೂಸ್ ಕೂರುವ ಹಿತ್ತಾಳೆಯ ಕ್ಲಿಪ್ಪುಗಳಿಗೆ ಹಸಿರು ಬೆರೆತ ಬಿಳಿ ಹಿಟ್ಟು ಕಟ್ಟಿಕೊಂಡಿತ್ತು. ಸ್ಯಾಂಡ್ ಪೇಪರನ್ನು ಸಣ್ಣಗೆ ಹರಿದು ಉಜ್ಜತೊಡಗಿದೆ.

ಯಳಂದೂರಿನಿಂದ ಬಂದಿದ್ದ ಅಕ್ಕ ತಡೆದಳು. "ಲೋ, ಅದ್ನ ಯಾಕ್ಲಾ ಕೆರೀತಿದ್ದೀ? ಅದು ಅಪ್ಪ ಇಟ್ಟ ಈಬೂತಿ."

"ಕಿಲುಬು ಕಣಕ್ಕ."

"ಆಯುಧಪೂಜೇಲಿ ಎಲ್ರೂ ಬಾನೆಟ್‌ಗೆ ಬಳುದ್ರೆ ಅಪ್ಪ ಈ ಮುಚ್ಳ ತೆಗ್ದು ಒಳೀಕೂ ಬಳೀತಿತ್ತು. ಕರೆಂಟು ಇಲ್ಲಿಂದ್ಲೇ ಬತ್ತದೆ ಅಂತ."

ನನ್ನ ನೆನಪಿನ ಅಪ್ಪ ಬೇರೆಯೇ. ಪೂಜೆಯ ದಿನ ದೂರ ನಿಂತು, 'ತಂತಿಗೂ ದೇವ್ರು ಬೇಕೇನ್ಲಾ?' ಎಂದು ನನ್ನತ್ತ ಕಣ್ಣು ಮಿಟುಕಿಸಿದವರು. ಮೈಸೂರಿನಲ್ಲಿ ಎಂ.ಎಸ್ಸಿ. ಓದಿ, ಮನೆಯ ಪೂಜೆಗಳಿಗೆ ಬೆನ್ನು ತಿರುಗಿಸಿದಾಗ ಆ ಒಂದು ಮಾತನ್ನೇ ನೆಚ್ಚಿಕೊಂಡಿದ್ದೆ. ಸಂಶಯ ನನಗೆ ಅಪ್ಪನಿಂದ ಬಂದ ಬಳುವಳಿ ಅಂದುಕೊಂಡಿದ್ದೆ. ಅಕ್ಕ ಹೇಳುವುದು ನಿಜವಾದರೆ ಆ ಅಪ್ಪನನ್ನು ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡಂತಾಯಿತು. ಅಪ್ಪನ ಆ ತಂತಿ-ದೇವರ ಮಾತನ್ನು ಅವಳಿಗೂ ಹೇಳಿದೆ.

ಅಕ್ಕ ನಕ್ಕುಬಿಟ್ಟಳು. "ಅಂಗಂದದ್ದು ಅನೂರು ಮಾವ ಕಣ್ಲಾ. ಅವ್ನು ಎಲ್ಲಾದ್ಕೂ ಅಂಗೇ ಅಂತಿದ್ದ."

"ಅಪ್ಪ ಬಳಿದದ್ದನ್ನ ನೀನು ನೋಡಿದ್ದೀಯಾ?"

"ತಟ್ಟೆ ಇಡ್ಕಂಡು ನಿಂತಿದ್ದೋಳು ಯಾರ್ಲಾ ಮತ್ತೆ? ಆ ಮುಚ್ಳ ತಿರುಗ್ಸಿ ನೋಡು."

ಪಕ್ಕಕ್ಕಿಟ್ಟಿದ್ದ ಮುಚ್ಚಳವನ್ನು ತಿರುಗಿಸಿದೆ. ಒಳಮೈಯಲ್ಲಿ ಬೆರಳೆಳೆದ ಬಿಳಿ ಪಟ್ಟೆಗಳು. ಮೇಲಿನೆರಡು ದಪ್ಪ; ಮೂರನೆಯದು ಬರಿಯ ಗೀರು. ಯಾರಾದರೂ ಎಳೆದಿರಬಹುದು, ಹನೂರಿನ ಮಾವನೇ ತಮಾಷೆಗೆ ಎಳೆದಿರಬಹುದು ಎಂದು ವಾದ ಹೂಡಿದೆ.

"ಅಪ್ಪನ ಉಂಗುರದ ಬೆಳ್ಳು ಮೋಟಲ್ವೇನ್ಲಾ? ಸತ್ತೇಗಾಲದ ಆಲೆಮನೇಲಿ ಗಾಣಕ್ಕೆ ಸಿಕ್ಕಿ ತುದಿ ಓಗಿತ್ತಲ್ಲ. ಅಣೇಗೆ ಇಟ್ಕಂಡ್ರೂ ಮೂರ್ನೇ ಗೆರೆ ಇಂಗೇ ಬತ್ತಿತ್ತು."

ನನಗೆ ಅದು ಗೊತ್ತೇ ಇರಲಿಲ್ಲ. ಇಲ್ಲ, ಗೊತ್ತಿದ್ದಿರಲೇಬೇಕು, ಆ ಕೈ ಹಿಡಿದು ನಡೆದವನು ನಾನು.

"ಕಿಲುಬು ಬೇಕಾರೆ ತಿಕ್ಕು, ಮುಚ್ಳ ಮುಟ್ಬೇಡ" ಎಂದು ಹೇಳಿ ಅಕ್ಕ ಒಳಗೆ ಹೋದಳು. ಹಿತ್ತಾಳೆ ಹೊಳೆಯುವವರೆಗೆ ತಿಕ್ಕಿದೆ. ವೈರು ಜೋಡಿಸಿ ಸ್ವಿಚ್ ಹಾಕಿದಾಗ ಲೈಟು ಹತ್ತಿತು. ಮುಚ್ಚಳವನ್ನು ಒರೆಸದೆ ಹಾಕಿ, ಕಾರಿನೊಳಗೆ ಕೂತು, ಸ್ಟೇರಿಂಗ್ ಹಿಡಿದ ಅಪ್ಪನ ಕೈಯನ್ನು ನೆನೆಯಲು ನೋಡಿದೆ. ಕಣ್ಣೆದುರು ಬಂದ ಕೈಯಲ್ಲಿ ಐದು ಬೆರಳೂ ಪೂರ್ತಿ ಇದ್ದವು.