ಬೈಟು ಷಡಕ್ಷರಪ್ಪ

ಅರಸೀಕೆರೆ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನೀವು ಒಬ್ಬರೇ ಹೋಗಿ ಕೂತರೆ, ಒಂದು ಕಾಫಿಯನ್ನು ಪೂರ್ತಿ ಕುಡಿಯುವ ಆಸೆ ಬಿಟ್ಟುಬಿಡಿ. ಕೊಬ್ಬರಿ ಮಂಡಿಯನ್ನು ಮಗನಿಗೆ ಒಪ್ಪಿಸಿರುವ ಷಡಕ್ಷರಪ್ಪನವರು ಎದುರಿಗೆ ಬಂದು ಕೂತು, ಯಜಮಾನ ರಾಮಾನುಜಯ್ಯನವರಿಗೆ ಎರಡು ಬೆರಳು ತೋರಿಸಿ, "ಒಂದ್ ಬೈಟು" ಅಂದುಬಿಟ್ಟಿರುತ್ತಾರೆ. ನಿಮ್ಮ ಕಾಫಿ ಎರಡು ಲೋಟವಾಗಿ ಬರುತ್ತದೆ. ಈ ಇಂಗ್ಲಿಷ್ ಮಾತಿನಿಂದ ಅವರು ತೆಗೆಯುವಷ್ಟು ಕೆಲಸವನ್ನು ಇಂಗ್ಲಿಷಿನವರೂ ತೆಗೆದಿರಲಾರರು. ನಿಮ್ಮ ಪೇಪರಿನ ಒಳಹಾಳೆ ಎಳೆದುಕೊಳ್ಳುವುದೂ ಬೈಟು, ಮಳೆಯಲ್ಲಿ ನಿಮ್ಮ ಕೊಡೆಯೊಳಗೆ ನುಗ್ಗುವುದೂ ಬೈಟು. ಬೇಲಿ ಜಗಳ ತಂದವರಿಗೆ, "ಬೈಟು ಮಾಡ್ಕಂಡ್ ಹೋಗ್ರಲಾ ಅತ್ಲಾಗೆ" ಎಂಬ ತೀರ್ಪು. ಅರ್ಧ ಲೋಟ ಎರಡು ಗುಟುಕಿಗೆ ಮುಗಿಯುತ್ತದೆ, ನಿಜ. ಆದರೆ ಬೈಟು ಕುಡಿದವರು ಜೊತೆಗೇ ಏಳಬೇಕೆಂಬುದು ನಮ್ಮೂರಿನ ಮರ್ಯಾದೆ, ಷಡಕ್ಷರಪ್ಪನವರ ಲೋಟವೋ ಖಾಲಿಯಾಗುವುದೇ ಇಲ್ಲ. ಅದನ್ನು ಕಾಯುತ್ತಾ ಬಾಣಾವರದ ಬಸ್ ತಪ್ಪಿಸಿಕೊಂಡವರು ಎಷ್ಟೋ ಜನ. ನಾನೇ ಮೂರು ಸಲ. ನಾಲ್ಕನೆಯ ಸಲ, ಅವರು ಕೈ ತೊಳೆಯಲು ಎದ್ದಾಗ, ರಾಮಾನುಜಯ್ಯನವರ ಮೇಲೆ ರೇಗಿದೆ: "ಅಷ್ಟು ನಿಧಾನವಾಗಿ ಯಾಕ್ರೀ ಕುಡೀತಾರೆ?" ಅವರು ನಕ್ಕರು. "ಕುಡಿಯೋದೆಲ್ಲಿ ಬಂತು ಸ್ವಾಮಿ? ಅವರಿಗೆ ಕಾಫಿ ವಾಸನೆನೇ ಆಗಲ್ಲ. ಹತ್ತು ವರ್ಷದಿಂದ ಆ ಲೋಟ ತುಂಬಿದ ಹಾಗೇ ವಾಪಸ್ ಬರ್ತಿದೆ." ಹೊರಗೆ ಬಾಣಾವರದ ಬಸ್ಸು ಹಾರನ್ ಹೊಡೆಯಿತು. ಕೈ ಒರೆಸಿಕೊಳ್ಳುತ್ತಾ ಬಂದ ಷಡಕ್ಷರಪ್ಪನವರು, ನಾನು ಚೀಲ ಹೆಗಲಿಗೇರಿಸಿದ್ದನ್ನು ಕಂಡು, ಗಬಕ್ಕನೆ ತಮ್ಮ ಲೋಟ ಕೈಗೆತ್ತಿಕೊಂಡರು. ನಾನು ಚೀಲ ಕೆಳಗಿಟ್ಟು, "ಇನ್ನೊಂದು ಬೈಟು ಹಾಕಿ ರಾಮಾನುಜಯ್ಯ" ಎಂದೆ.